ಕೊಡದ ಕಾಫಿ

ಆಪರೇಷನ್ನಿನ ಹಿಂದಿನ ದಿನವೂ ನಮ್ಮ ಯಜಮಾನರು ನೀರು ಬಿಡಲು ಹೋಗಿದ್ದರು. ಹೆಸರು ಚಿಕ್ಕಬೈರಪ್ಪ. ಬಾಗಲೂರಿನಲ್ಲಿ ನೀರುಗಂಟಿ. ಬೆಳಕು ಹರಿಯುವ ಮೊದಲು ಬೀದಿ ಬೀದಿಯ ವಾಲ್ವ್ ತಿರುಗಿಸುವುದು ಅವರ ಕೆಲಸ. ಅವತ್ತು ಹೊಟ್ಟೆ ನೋವಿಗೆ ಬಗ್ಗಲು ಆಗುತ್ತಿರಲಿಲ್ಲ. ನಾನೂ ಜೊತೆಗೆ ಹೋದೆ.

"ಏನಣ್ಣ, ನಮ್ ಬೀದಿಗೆ ಬರೀ ಗಾಳಿ ಬಿಡ್ತೀಯ?" ಎಂದು ಸಬೀರಾ ಬಿಂದಿಗೆ ಹಿಡಿದು ಕೂಗಿದಳು.

"ಗಾಳಿಗೆ ಬಿಲ್ಲಿಲ್ಲ ಕಣಮ್ಮ, ತುಂಬ್ಕೊ" ಎಂದರು ಇವರು.

ಪಿತ್ತಕೋಶದಲ್ಲಿ ಕಲ್ಲು. ಸಣ್ಣ ತೂತು ಹಾಕಿ ತೆಗೆಯುತ್ತೇವೆ, ಮಾರನೇ ದಿನ ಮನೆಗೆ ಹೋಗಬಹುದು ಎಂದಿದ್ದರು ಯಲಹಂಕದ ಆಸ್ಪತ್ರೆಯವರು. ಆಪರೇಷನ್ ದಿನ ಬೆಳಿಗ್ಗೆ ಏನೂ ಕುಡಿಸಬೇಡಿ ಎಂದೂ ಹೇಳಿದ್ದರು. ಇವರಿಗೆ ಎದ್ದ ಕೂಡಲೇ ಕಾಫಿ ಬೇಕು.

"ಒಂದೇ ಗುಟುಕು ಕೊಡೇ ಗೌರಿ. ಯಾರಿಗ್ ಗೊತ್ತಾಗ್ತದೆ?"

"ಸುಮ್ನೆ ಇರ್ರೀ" ಎಂದೆ. ಕೊಡಲಿಲ್ಲ. ಒಣಗಿದ ಬಾಯಲ್ಲೇ ಆಪರೇಷನ್ ಕೋಣೆಯೊಳಗೆ ಹೋದರು.

ಆಪರೇಷನ್ ಮುಗಿದು ವಾರ್ಡಿಗೆ ತಂದ ಮೇಲೆ, ಸಂಜೆ ಹೊಟ್ಟೆ ಉಬ್ಬಿತು. ಮೈ ತಣ್ಣಗಾಗಿ ಬೆವರಿತು. ಹೋಗಿ ಹೋಗಿ ನರ್ಸನ್ನು ಕರೆದೆ. ಗ್ಯಾಸು ಎಂದರು. ದೊಡ್ಡ ಡಾಕ್ಟರು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಡಾಕ್ಟರು ನನ್ನ ಮುಖ ನೋಡಲಿಲ್ಲ. ನನ್ನ ಮೈದುನ ಪುಟ್ಟಣ್ಣನಿಗೆ ಹೇಳಿದರು: "ಬೆಳಿಗ್ಗೆ ಏನೋ ಕುಡ್ಸಿದಾರೆ. ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಿದೆ."

ಅತ್ತೆ ನಾರಾಯಣಮ್ಮ ನನ್ನ ಕಡೆ ತಿರುಗಿದರು. "ಕೈಯಾರೆ ಕೊಂದ್ಬುಟ್ಯಲ್ಲೇ ನನ್ ಮಗನ್ನ."

ಆಸ್ಪತ್ರೆಯವರೇ ಆಂಬುಲೆನ್ಸ್ ತರಿಸಿದರು. ದೇಹ ಬೇಗ ತೆಗೆದುಕೊಂಡು ಹೋಗಿ ಎಂದರು. ನಾನು ಅದರ ಬಾಗಿಲಿಗೆ ಅಡ್ಡ ಕುಳಿತೆ. ಕುಯ್ದು ನೋಡಲಿ ಎಂದೆ.

"ಅತ್ಗೆ, ಇನ್ನೊಂದ್ ಸಲ ಕುಯ್ಸೋದಾ? ಮಣ್ಣು ಮಾಡಾನ, ಏಳಿ" ಎಂದ ಪುಟ್ಟಣ್ಣ.

"ಇಂಗೇ ಮಣ್ಣು ಮಾಡಿದ್ರೆ ನಾನು ಕೊಂದಿದ್ದೇ ನಿಜ ಆಗ್ತದೆ. ಏಳಲ್ಲ."

ಪೊಲೀಸರು ಬಂದರು. ದೂರು ಬರೆಸಿ ಸಹಿ ಹಾಕಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಆಯಿತು. ಮಣ್ಣು ಮಾಡುವಾಗ ಅತ್ತೆ ನನ್ನ ಪಕ್ಕ ನಿಲ್ಲಲಿಲ್ಲ. ಆಮೇಲೆ ನಾನು ಕಾಸಿದ ಕಾಫಿಯನ್ನೂ ಮುಟ್ಟಲಿಲ್ಲ. ಪಕ್ಕದ ಮನೆಗೆ ಹೋಗಿ ಕುಡಿಯುತ್ತಿದ್ದರು.

ರಿಪೋರ್ಟು ಬರಲು ತಿಂಗಳುಗಳೇ ಹಿಡಿದವು. ಠಾಣೆಯಲ್ಲಿ ಇನ್ಸ್‌ಪೆಕ್ಟರು ಅತ್ತೆಯ ಎದುರೇ ಹೇಳಿದರು: "ಶ್ವಾಸಕೋಶದಲ್ಲಿ ಏನೂ ಸಿಕ್ಕಿಲ್ಲ ಕಣಮ್ಮ. ಹೊಟ್ಟೆ ತುಂಬ ರಕ್ತ. ಒಳಗೆ ಕುಯ್ದ ರಕ್ತನಾಳಕ್ಕೆ ಹಾಕಿದ್ದ ಕ್ಲಿಪ್ಪು ಸರಿಯಾಗಿ ಕೂತಿರ್ಲಿಲ್ಲ. ಸಂಜೆವರ್ಗೂ ಸೋರಿದೆ."

ತಪ್ಪು ಯಾರದೆಂದು ಡಾಕ್ಟರುಗಳ ಸಮಿತಿ ಹೇಳಬೇಕಂತೆ. ಇನ್ನೂ ಹೇಳಿಲ್ಲ. ಆ ಡಾಕ್ಟರು ಈಗಲೂ ಆಪರೇಷನ್ ಮಾಡುತ್ತಿದ್ದಾರೆ.

ಅವತ್ತು ಠಾಣೆಯಿಂದ ಮನೆಗೆ ಬಂದು ಅತ್ತೆ ಅಡುಗೆಮನೆ ಬಾಗಿಲಲ್ಲಿ ಕುಳಿತರು. "ಕಾಫಿ ಕಾಸಮ್ಮಿ" ಎಂದರು. ಕಾಸಿ ಕೊಟ್ಟೆ. ಕುಡಿದರು. ನನಗೆ ಮಾತ್ರ ಇನ್ನೂ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಇವರು ಕೇಳಿದ ಒಂದು ಗುಟುಕು ಕೊಡಲಿಲ್ಲವಲ್ಲ.

ಯಜಮಾನರ ಕೆಲಸ ಈಗ ನನ್ನದು. ದಿನಾ ಬೆಳಗಾಗುವ ಮುಂಚೆ ವಾಲ್ವ್ ತಿರುಗಿಸುವ ಅವರ ಕಬ್ಬಿಣದ ಕೀ ಹಿಡಿದು ಹೋಗುತ್ತೇನೆ. ಸಬೀರಾಳ ಬೀದಿಗೆ ಮೊದಲು ಬಿಡುತ್ತೇನೆ. ಬಿಂದಿಗೆಗಳು ತುಂಬಿದ ಮೇಲೆ ವಾಲ್ವ್ ತಿರುಗಿಸಿ ಬಿಗಿಯುತ್ತೇನೆ. ಆಮೇಲೆ ವಾಲ್ವಿನ ಗುಂಡಿಯೊಳಗೆ ಕೈ ಇಳಿಸಿ ಸುತ್ತ ಸವರಿ ನೋಡುತ್ತೇನೆ, ಎಲ್ಲಾದರೂ ಸೋರುತ್ತಿದೆಯಾ ಎಂದು.