ತಕ್ಕಡಿ ಮಾವ ಮತ್ತು ಸಾಬೂನಿನ ಟ್ಯಾಂಕು

ತಕ್ಕಡಿ ಮಾವನ ಕಣ್ಣಳತೆ ತಪ್ಪಿತು ಎಂದರೆ ನಮ್ಮ ಕ್ರೇನ್ ಯಾರ್ಡಿನ ಹಳಬರು ಇವತ್ತಿಗೂ ಎದೆ ಮುಟ್ಟಿಕೊಳ್ಳುತ್ತಾರೆ. ಸೂರ್ಯ ಒಂದು ದಿನ ರಜೆ ಹಾಕಿದ ಎಂದರೆ ನಂಬಿಯಾರು, ಇದನ್ನು ನಂಬುವುದಕ್ಕೆ ಅವರಿಗೆ ಎಂಟು ದಿನ ಬೇಕಾಯಿತು.

ಕ್ರೇನಿನ ಕೊಕ್ಕೆಗೆ ಭಾರ ಕಟ್ಟಿಕೊಡುವುದು ಮಾವನ ಕಸುಬು. ಯಂತ್ರವೋ ತೊಲೆಯೋ ಎದುರಿಗೆ ಬಂದರೆ ಸುತ್ತ ಗಂಭೀರವಾದ ಒಂದು ಸುತ್ತು, ಬೆರಳಗೆಣ್ಣಿನಿಂದ ಎರಡು ಏಟು, ಕತ್ತು ವಾರೆ ಮಾಡಿ ಒಂದು ನೋಟ. "ಎರಡು ಟನ್, ಮೇಲೊಂದಿಷ್ಟು ಕೊಸರು" ಎಂದರೆ ಮುಗಿಯಿತು. ಆಮೇಲೆ ಲಾರಿ ತೂಗುವ ವೇಬ್ರಿಡ್ಜು ಕೂಡ ಹಿರಿಯರ ಮಾತಿಗೆ ಎದುರಾಡದ ಮಗುವಿನಂತೆ ಅದನ್ನೇ ಹೇಳುತ್ತಿತ್ತು. ಹೀಗೆ ಮೂವತ್ತು ವರ್ಷ.

ತಂಗಿಗೆ ಹೆಣ್ಣುಮಗು ಹುಟ್ಟಿದಾಗ ಅದನ್ನು ಅಂಗೈಯಲ್ಲಿ ಹಿಡಿದು "ಎರಡೂ ಮುಕ್ಕಾಲು ಕಿಲೋ" ಎಂದಿದ್ದರು. ತೂಗಿ ನೋಡಿದ ನರ್ಸು ಮಗುವನ್ನು ಬಿಟ್ಟು ಮಾವನನ್ನೇ ನೋಡುತ್ತ ನಿಂತಳಂತೆ. ಅವರ ಹೆಂಡತಿಯ ದೂರು ಬೇರೆ: "ಮದುವೆಗೆ ಮುಂಚೆ ನನ್ನನ್ನೂ ಕಣ್ಣಲ್ಲೇ ತೂಗಿದ್ರು. ಈಗ ಎಷ್ಟಾಗಿದೀನಿ ಹೇಳಿ ಅಂದ್ರೆ ಕನ್ನಡಕ ಒರೆಸ್ತಾ ಕೂರ್ತಾರೆ."

ಆ ಎರಡೂ ಮುಕ್ಕಾಲು ಕಿಲೋ ಬೆಳೆದು ಕ್ರೇನ್ ಆಪರೇಟರ್ ಆದಳು. ವಯಸ್ಸು ಮೂವತ್ತು ಮುಟ್ಟಿದರೂ ಮಾವನ ಬಾಯಲ್ಲಿ ಇನ್ನೂ ಪುಟ್ಟಿ. ಕಲಿಯಲು ಕಳಿಸಿದವರೂ ಅವರೇ, ಲೈಸೆನ್ಸು ಬಂದ ದಿನ ಊರಿಗೆಲ್ಲ ತೋರಿಸಿದವರೂ ಅವರೇ. ಅವಳಲ್ಲಿ ಅವರಿಗೆ ಸೇರದಿದ್ದ ಗುಣ ಒಂದೇ. ಯಾವ ಭಾರವನ್ನೇ ಆಗಲಿ, ಮೊದಲು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಿಬಿಡುತ್ತಿದ್ದಳು. ಭಾರಕ್ಕೆ ಸುತ್ತಿದ ಬೆಲ್ಟು ಸರಿಯಾಗಿ ಕೂತಿದೆಯೇ, ಭಾರ ಒಂದು ಕಡೆ ವಾಲುತ್ತಿದೆಯೇ, ಕ್ಯಾಬಿನ್ನಿನೊಳಗಿನ ತೂಕದ ಮೀಟರು ಏನು ಹೇಳುತ್ತದೆ, ಎಲ್ಲ ನೋಡಿಯೇ ಮುಂದಿನ ಮಾತು.

"ಗೇಣೆತ್ತರದಲ್ಲಿ ನಿಲ್ಸಿ ಏನೇ ಕನಸು ಕಾಣ್ತೀಯ?" ಎಂದು ಮಾವ ರೇಗಿಸುತ್ತಿದ್ದರು.

"ನಿಮ್ಮನ್ನೇ ಮಾವ. ಇನ್ನೂ ನೂರು ವರ್ಷ ಹೀಗೇ ಬೈತಾ ಇರೋ ಹಾಗೆ."

ಆ ದಿನ ನಾವು ಹೋದದ್ದು ಮುಚ್ಚಿಹೋದ ಒಂದು ಸಾಬೂನು ಕಾರ್ಖಾನೆಗೆ. ಅಂಗಳದಲ್ಲಿ ಆಳೆತ್ತರಕ್ಕೂ ಮೀರಿದ ಕಬ್ಬಿಣದ ಟ್ಯಾಂಕೊಂದು ಉದ್ದಕ್ಕೆ ಮಲಗಿತ್ತು. ಅದನ್ನು ಕಾಂಪೌಂಡು ಗೋಡೆಯ ಮೇಲಿಂದ ದಾಟಿಸಿ ಆಚೆ ನಿಂತ ಲಾರಿಗೆ ಇಳಿಸಬೇಕು. ಲಾರಿಯ ಡ್ರೈವರು ಆಗಲೇ ಲಾರಿಯ ಮೇಲೆ ಹತ್ತಿ ಕೈಬೀಸಿ ಕರೆಯುತ್ತಿದ್ದ, ಟ್ಯಾಂಕು ತಾನಾಗಿ ನಡೆದು ಬರುವುದೇನೋ ಎಂಬಂತೆ.

ಮಾವ ತಳದ ನಲ್ಲಿ ತಿರುಗಿಸಿದರು. ಒಂದು ಹನಿ ಬೀಳಲಿಲ್ಲ. ಭುಜದ ಮಟ್ಟದಲ್ಲಿ ಕುಟ್ಟಿದರು. ಢಣ್ ಎಂದಿತು. ತೀರ್ಪು ಹೊರಬಿತ್ತು: "ಖಾಲಿ. ನಾಲ್ಕು ಟನ್." ಟ್ಯಾಂಕಿನ ತೂಕ ಬರೆದ ಕಂಪನಿಯ ಕಾಗದ ಕೇಳೋಣ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಒಟ್ಟು ಐದು ಟನ್ ತಡೆಯುವ ಎರಡು ಬೆಲ್ಟು ಹಾಕಿದೆವು. ಒಂದು ಬೆಲ್ಟಿನ ದಾರಿಯಲ್ಲಿ ಟ್ಯಾಂಕಿಗೆ ಬೆಸೆದ ಕಬ್ಬಿಣದ ಪಟ್ಟಿಯ ಅಂಚು ಕತ್ತಿಯಂತೆ ಚೂಪಾಗಿತ್ತು. ಅಂಥಲ್ಲಿ ದಪ್ಪ ಗೋಣಿ ಮಡಿಸಿಟ್ಟು ಬೆಲ್ಟನ್ನು ಕಾಯಬೇಕು. ತರಲು ಹೊರಟವನನ್ನು ಮಾವನೇ ತಡೆದರು. "ಈ ಹೂವಿಗೆ ಹಾಸಿಗೆ ಬೇರೆ ಕೇಡು!"

ನಾವೆಲ್ಲ ನಕ್ಕೆವು. ಆ ನಗು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪುಟ್ಟಿ ಎತ್ತಿದಳು. ಒಂದು ಗೇಣು. ನಿಲ್ಲಿಸಿದಳು. ಹಾರ್ನ್ ಒತ್ತಿದಳು.

ಮಾವ ಟ್ಯಾಂಕಿನ ಪಕ್ಕದಲ್ಲೇ, ಕುದುರೆಯ ಬೆನ್ನು ಸವರುವ ಸೇನಾಪತಿಯ ಹಾಗೆ ಅದರ ಮೇಲೆ ಕೈಯಿಟ್ಟು ನಿಂತಿದ್ದರು. ಇನ್ನೊಂದು ಕೈಯಲ್ಲಿ ಮೇಲೆ, ಮೇಲೆ ಎಂದು ಸನ್ನೆ ಮಾಡಿದರು.

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಮಾವ, ಮೀಟರು ಒಂಬತ್ತು ತೋರಿಸ್ತಿದೆ!"

"ಮೀಟರಿಗೆ ತಲೆ ಕೆಟ್ಟಿದೆ. ಎತ್ತು."

"ಎತ್ತಲ್ಲ. ಇಳಿಸ್ತೀನಿ. ನೀವು ಮೊದಲು ಆಚೆ ಬನ್ನಿ."

"ಲೇ, ನಿನ್ನನ್ನೇ ಅಂಗೈಯಲ್ಲಿ ತೂಗಿದವನು ನಾನು! ನನಗೇ ಹೇಳ್ತೀಯ?"

"ನಾನು ಖಾಲಿ ಟ್ಯಾಂಕಲ್ಲ ಮಾವ! ಆಚೆ ಬನ್ನಿ ಅಂದ್ನಲ್ಲ!"

ಇಷ್ಟು ಜನರ ಎದುರಿಗೆ! ಮಾವನಿಗೆ ರೋಷ ನೆತ್ತಿಗೇರಿತು. ದೂರದಿಂದ ಬೈದರೆ ರುಚಿ ಸಾಲದೆಂದು ಕ್ಯಾಬಿನ್ನಿನ ಕಡೆಗೆ ದಾಪುಗಾಲು ಹಾಕಿದರು. ಒಂದು, ಎರಡು, ಮೂರು, ನಾಲ್ಕು. ಬುದ್ಧಿ ಮಾಡದ ಕೆಲಸವನ್ನು ಕೋಪ ಮಾಡಿತು.

ಬೆಲ್ಟು ಹರಿಯಿತು. ಗುಂಡು ಹಾರಿದಂಥ ಸದ್ದು. ಗೇಣೆತ್ತರದಿಂದ ಬಿದ್ದ ಟ್ಯಾಂಕು ಸುಮ್ಮನೆ ಕೂರಲಿಲ್ಲ, ಅರ್ಧ ಮಗ್ಗುಲು ಹೊರಳಿ ಮಾವ ಈಗ ತಾನೆ ನಿಂತಿದ್ದ ನೆಲದ ಮೇಲೆ ಮಲಗಿತು. ಅಲ್ಲಿದ್ದ ಮರದ ದಿಮ್ಮಿ ಬಿಸ್ಕತ್ತಿನಂತೆ ಪುಡಿಯಾಯಿತು. ಟ್ಯಾಂಕಿನ ಮುಚ್ಚಳ ಕಿತ್ತುಬಂದು, ಒಳಗಿಂದ ಬಂಡೆಯಂಥ ಹಳದಿ ಗಡ್ಡೆ ಇಣುಕಿತು. ಸಾಬೂನು! ವರ್ಷಗಟ್ಟಲೆ ತಳದಲ್ಲಿ ಹೆಪ್ಪುಗಟ್ಟಿ ಕೂತ ಐದು ಟನ್ ಸಾಬೂನು. ನಲ್ಲಿಯಿಂದ ಹನಿ ಬಾರದ್ದು ಟ್ಯಾಂಕು ಖಾಲಿಯಾಗಿದ್ದಕ್ಕಲ್ಲ, ಒಳಗಿನದು ಗಟ್ಟಿಯಾಗಿದ್ದಕ್ಕೆ.

ಕಾರ್ಖಾನೆಯ ವಾಚ್‌ಮನ್ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಗೋಡೆಯಾಚೆ ಲಾರಿ ಡ್ರೈವರು ಕೈಬೀಸುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ಕೈ ಬೀಸುತ್ತಿತ್ತು, ಮುಖ ಸುಣ್ಣವಾಗಿತ್ತು. ಪುಟ್ಟಿ ಎತ್ತಿದ್ದು ಗೇಣಲ್ಲದೆ ಗೋಡೆಯೆತ್ತರವಾಗಿದ್ದರೆ ಹರಿದ ಬೆಲ್ಟಿನ ಕೆಳಗೆ ಇರುತ್ತಿದ್ದವನು ಅವನೇ. ಅಂಗಳದ ತುಂಬ ಆಗ ತಾನೆ ಸ್ನಾನ ಮುಗಿಸಿದಂಥ ಘಮ ಹರಡಿತ್ತು, ನಮಗೆಲ್ಲ ಬೆವರು ಇಳಿಯುತ್ತಿತ್ತು.

ಬೈಯಲು ತೆರೆದ ಮಾವನ ಬಾಯಿ ತೆರೆದೇ ಇತ್ತು.

ಕಾರ್ಖಾನೆಯ ಮ್ಯಾನೇಜರು ಓಡಿ ಬಂದ. "ತೂಕ ನೋಡಿದ್ದು ಯಾರು?"

ಪುಟ್ಟಿ ಏಣಿಯಿಂದ ಇಳಿದಳು. "ನಂದೇ ತಪ್ಪು ಸರ್. ಮೀಟರು ನಾಲ್ಕು ದಾಟಿದಾಗ್ಲೇ ನಿಲ್ಲಿಸಬೇಕಿತ್ತು."

"ಸುಮ್ನಿರು ಪುಟ್ಟಿ." ಮಾವನಿಗೆ ದನಿ ಬಂದಿತ್ತು, ಆದರೆ ಅದು ನಮಗೆ ಗೊತ್ತಿದ್ದ ದನಿಯಲ್ಲ. "ಯಾರೂ ನೋಡಿಲ್ಲ ಸ್ವಾಮಿ. ನಾನು ಹೇಳಿದೆ. ನಾನು ಹೇಳ್ದೆ ಅಂತ ಬೇರೆ ಯಾರೂ ನೋಡ್ಲಿಲ್ಲ. ಗೋಣಿ ಬೇಡ ಅಂದವನೂ ನಾನೇ."

ಮೂವತ್ತು ವರ್ಷದಲ್ಲಿ ಆ ಬಾಯಿಂದ ತಪ್ಪೊಪ್ಪಿಗೆ ಬಂದದ್ದು ಅದೇ ಮೊದಲು. ಟ್ಯಾಂಕು ಬಿದ್ದಾಗ ಆದದ್ದಕ್ಕಿಂತ ದೊಡ್ಡ ಆಘಾತ ನಮಗೆ ಆಗ ಆಯಿತು. ಇಷ್ಟು ವರ್ಷ ನಾವೆಲ್ಲ ಒಬ್ಬ ಮನುಷ್ಯನ ಬೆರಳಗೆಣ್ಣಿಗೆ ಜೀವ ನೇತುಹಾಕಿಕೊಂಡು ಓಡಾಡಿದ್ದೆವು!

ಎರಡು ದಿನ ಬಿಟ್ಟು ಕೆಲಸ ಮತ್ತೆ ಶುರುವಾಯಿತು. ಕಂಪನಿಯ ಕಾಗದ ಬಂತು, ಆಪರೇಟರ್ ಸಮೇತ ದೊಡ್ಡ ಕ್ರೇನು ಬಂತು, ಹನ್ನೆರಡು ಟನ್ನಿನ ಹೊಸ ಬೆಲ್ಟುಗಳು ಬಂದವು. ಪ್ರತಿ ಅಂಚಿಗೂ ಗೋಣಿ. ಲಾರಿಯ ಮೇಲೆ ಯಾರೂ ಇಲ್ಲ. ಸುತ್ತಲೂ ಕೆಂಪು ಹಗ್ಗ. ಅವತ್ತು ನೆಲದ ಮೇಲೆ ನಿಂತು ಸನ್ನೆ ಕೊಟ್ಟವಳು ಪುಟ್ಟಿ. ಮಾವ ತಾವಾಗಿಯೇ ಹಗ್ಗದಾಚೆ ಹೋಗಿ, ಕೆಲಸವಿಲ್ಲದೆ ನೋಡಲು ಬಂದ ಜನರ ನಡುವೆ ಕೈಕಟ್ಟಿ ನಿಂತರು.

ಟ್ಯಾಂಕು ಒಂದು ಗೇಣು ಎದ್ದು ನಿಂತಿತು. ಪುಟ್ಟಿ ಬೆಲ್ಟು ನೋಡಿದಳು, ಅಂಚು ನೋಡಿದಳು, ಆಮೇಲೆ ತಿರುಗಿ ಹಗ್ಗದ ಕಡೆ ನೋಡಿದಳು.

"ಮಾವ, ಇನ್ನೆರಡು ಹೆಜ್ಜೆ ಹಿಂದೆ."

ಮಾವ ನಾಲ್ಕು ಹೆಜ್ಜೆ ಹಿಂದೆ ಸರಿದರು.