ಒಂದು ತುತ್ತು ಮೊಸರನ್ನ

ನಮ್ಮತ್ತೆ ಲಕ್ಷ್ಮಿಯಮ್ಮಾಳ್‌ಗೆ ನನ್ನ ಕಂಡರಾಗಲ್ಲ. ನನಗೂ ಅಷ್ಟೇ, ಮುಚ್ಚುಮರೆ ಯಾಕೆ? ಕೊಯಮತ್ತೂರು ಕಡೆಯ ನೆಗಮದಲ್ಲಿ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದ ಹೆಂಗಸು. ಪವರ್‌ಲೂಮ್ ಬಂದು, ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ ದಿನದಿಂದ ಮಿಷಿನ್ ಅಂದರೆ ಉರಿದು ಬೀಳ್ತಾರೆ. ಮಿಕ್ಸಿಯನ್ನೂ ಮುಟ್ಟಲ್ಲ. ಚಟ್ನಿ ರುಬ್ಬೋಳು ನಾನು, ರುಚಿಯಿಲ್ಲ ಅನ್ನೋರು ಅವರು.

ನನ್ನ ಮಗಳು ನಿತ್ಯಾಗೆ ಆರು ವರ್ಷ. ಎಡಗಡೆ ಕಿಡ್ನಿಯಿಂದ ಮೂತ್ರ ಇಳಿಯೋ ದಾರಿ ಹುಟ್ಟಿನಿಂದಲೇ ಕಿರಿದು. ಕಿಡ್ನಿ ಊದಿಕೊಂಡಿದೆ, ಹೀಗೇ ಬಿಟ್ಟರೆ ಕೆಟ್ಟೇ ಹೋಗುತ್ತೆ ಅಂದರು ಕೊಯಮತ್ತೂರಿನ ಡಾಕ್ಟರ್ ಹರಿಹರನ್. ದೊಡ್ಡದಾಗಿ ಹೊಟ್ಟೆ ಕೊಯ್ಯಲ್ಲ, ಸಣ್ಣ ತೂತುಗಳಲ್ಲಿ ರೋಬೋಟಿನ ಕೈ ಇಳಿಸಿ ದಾರಿ ಸರಿಮಾಡಿ ಹೊಲೀತೀವಿ, ಆ ಕೈಗಳನ್ನ ಆಡಿಸೋನು ನಾನೇ, ಆಚೆ ಮೂಲೇಲಿ ಕೂತು, ಅಂತ ವಿವರಿಸಿದರು.

"ಮೂಲೇಲಿ ಕೂತ್ಕೊಂಡಾ?" ಅತ್ತೆ ಅಲ್ಲೇ ಕೆರಳಿದರು. "ಹರಿದ ಎಳೆನೇ ಬೆರಳಲ್ಲಿ ಮುಟ್ದೆ ಸೇರ್ಸಕ್ಕಾಗಲ್ಲ, ಇವನು ಕೂಸಿನ ಕರುಳು ಸೇರ್ಸ್ತಾನಂತೆ! ನಮ್ಮ ಮಗ್ಗ ತಿಂದ ಮಿಷಿನ್‌ಗೆ ಈಗ ಕೂಸೂ ಬೇಕಾ?"

"ಸುಮ್ನಿರಿ ಅತ್ತೆ, ಹೆತ್ತೋಳು ನಾನು," ಅಂದು ಸಹಿ ಹಾಕಿದೆ. ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು.

ಆಪರೇಷನ್ ದಿನ ಬೆಳಿಗ್ಗೆ ಏನೂ ತಿನ್ನಿಸಬಾರದು ಅಂದಿದ್ದರು. ಮನೆಯಿಂದ ಹಾಗೇ ಹೊರಟೆವು. ಥಿಯೇಟರ್ ಬಾಗಿಲಲ್ಲಿ ನರ್ಸ್ ಶಿವಗಾಮಿ, "ಏದಾವದು ಸಾಪ್ಟಿಯಾ, ಕಣ್ಣು?" ಅಂತ ತಮಿಳಲ್ಲಿ ಕೇಳಿದಳು, ಏನಾದ್ರೂ ತಿಂದ್ಯಾ ಅಂತ. ನಿತ್ಯಾ ಅಜ್ಜಿ ಮುಖ ನೋಡಿ, ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಹೊಟ್ಟೇಲಿ ಅನ್ನ ಇದ್ದರೆ ಪ್ರಜ್ಞೆ ತಪ್ಪಿಸೋ ಮದ್ದು ಕೊಟ್ಟಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ, ಜೀವಕ್ಕೇ ಅಪಾಯ, ನಿಜ ಹೇಳಿ ಅಂದಳು ನರ್ಸ್. ಏನೂ ಕೊಟ್ಟಿಲ್ಲ ಅಂದೆ ನಾನು. ಸ್ಟ್ರೆಚರ್ ಹೊರಟಿತು.

ಅತ್ತೆ ಓಡಿಹೋಗಿ ಅದರ ಕಂಬಿ ಹಿಡಿದರು. "ನಿಲ್ಸಿ! ಮೊಸರನ್ನ ಉಣ್ಸಿದೀನಿ. ನಾನೇ. ಒಂದೇ ತುತ್ತು. ಯಾರಿಗೂ ಹೇಳ್ಬೇಡ ಅಂದಿದ್ದೆ."

ದೊಡ್ಡ ಕೆಲಸಕ್ಕೆ ಹೊರಡೋ ಕೂಸನ್ನ ಬರಿಹೊಟ್ಟೇಲಿ ಹೊಸಿಲು ದಾಟಿಸಬಾರದು ಅನ್ನೋದು ಅವರ ತವರಿನ ಪದ್ಧತಿಯಂತೆ. ಪದ್ಧತಿಗೆ ಬೆಂಕಿ ಹಾಕ! ಅಷ್ಟು ಜನರ ಮುಂದೆ, "ಮುದುಕಿ, ನನ್ ಮಗೂನ ಕೊಲ್ತಿದ್ಯಲ್ಲೇ!" ಅಂತ ಬಾಯಿಗೆ ಬಂದ ಹಾಗೆ ಬೈದೆ. ಅವರು ಕಂಬಿ ಬಿಡಲಿಲ್ಲ.

ಆಪರೇಷನ್ ಮುಂದಿನ ವಾರಕ್ಕೆ ಹೋಯಿತು. ಚೆನ್ನಾಗೇ ಆಯಿತು. ಈಗ ಕಿಡ್ನಿ ಊತ ಇಳಿದಿದೆ.

ನಾನಿನ್ನೂ ಕ್ಷಮಿಸಿಲ್ಲ. ನೋಡೋಕೆ ಬಂದ ನೆಂಟರಿಗೆಲ್ಲ ಆ ಮೊಸರನ್ನದ ಕಥೆ ಹೇಳ್ತೀನಿ, ಅತ್ತೆ ಎದುರೇ ಹೇಳ್ತೀನಿ. ಸ್ಟ್ರೆಚರ್ ನಿಲ್ಲಿಸಿದ್ದು ಯಾರು ಅನ್ನೋದನ್ನ ಮಾತ್ರ ಹೇಳಿಲ್ಲ. ಅತ್ತೆ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿರ್ತಾರೆ. ಅವರೂ ಹೇಳಿಲ್ಲ.