ಹತ್ತರಲ್ಲಿ ಎಷ್ಟು, ಯಜಮಾನ್ರೇ?

ಮಾಸ್ಕಿನೊಳಗಿನ ಉಸಿರಿಗೆ, ಹೀಗೆ ಕೇಳುವವರ ಕನ್ನಡಕದ ಕೆಳಗಿನ ಅರ್ಧ ಯಾವಾಗಲೂ ಮಂಜು ಹಿಡಿದಿರುತ್ತಿತ್ತು. ಮೇಲಿನ ಅರ್ಧದಿಂದ ನನ್ನನ್ನು ನೋಡಬೇಕೆಂದರೆ ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು. ಹಾಗೆ ನೋಡುವಾಗ ಥೇಟ್ ಹಾಯಲು ನಿಂತ ಟಗರಿನ ಹಾಗೆ ಕಾಣುತ್ತಿದ್ದರು. ಮೈಗೆ ಹಸಿರು ಗೌನು, ಕೈಗೆ ಗ್ಲೌಸು, ತಲೆಗೆ ಟೋಪಿ. ನನಗೆ ಕಾಣುತ್ತಿದ್ದದ್ದು ಎರಡು ಹುಬ್ಬು, ಅರ್ಧರ್ಧ ಕಣ್ಣು ಮತ್ತು ಹಲಗೆಗೆ ಸಿಕ್ಕಿಸಿದ ಫಾರಂ ಮಾತ್ರ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಪ್ರಶ್ನೆ ಮೇಡಂ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಮಾರುವವನು. ಮೂರು ತಲೆಮಾರಿನ ಅಂಗಡಿ, ಮೂರು ತಲೆಮಾರಿನ ಸಿಡುಕು. ರಸ್ತೆಯ ಆಚೆ ಬದಿಯವರನ್ನು ಕೂತಲ್ಲಿಂದಲೇ ಕೂಗಿ ಕರೆದು ಅಭ್ಯಾಸ. ಅಂಥವನಿಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿಗೆ ಒಮ್ಮೆ ಬಗ್ಗಿದ್ದು ಮತ್ತೆ ತಲೆ ಎತ್ತಿತು. ಇನ್ನು ಉಳಿದಿರುವುದು ಒಂದೇ ದಾರಿ ಎಂದರು ಡಾಕ್ಟರು. ನನ್ನ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಖಾಲಿ ಮಾಡಿ, ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಬೇರೊಬ್ಬರಿಂದ ಪಡೆದು ತುಂಬುವುದು. ಪೂರ್ತಿ ಹೊಂದುವವರು ಯಾರೂ ಸಿಗಲಿಲ್ಲ. ಅರ್ಧ ಹೊಂದುವ ತಂಗಿ ಇದ್ದಳು. ಹೀಗೆ ಅರ್ಧ ಹೊಂದಿಕೆಯಲ್ಲಿ ಪಡೆದವರಿಗೆ ಏನೇನಾಗುತ್ತದೆ, ಯಾವ ಔಷಧಿ ಎಷ್ಟು ಕೊಟ್ಟರೆ ತಡೆಯುತ್ತದೆ ಎಂದು ಆ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿತ್ತು. ಅದಕ್ಕೆ ನಾನೂ ರುಜು ಹಾಕಿದೆ. ಸಂಶೋಧನೆ ಎಂದರೆ ಮೈಕ್ರೋಸ್ಕೋಪು, ಗಾಜಿನ ನಳಿಕೆ ಎಂದುಕೊಂಡಿದ್ದೆ. ನನ್ನ ಪಾಲಿಗೆ ಅದು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ಬಾಯಿ ತೆರೆಸಿ ನೋಡುವ ಈ ಹೆಂಗಸಾಗಿತ್ತು.

ಕೋಣೆಗೆ ಒಂದರ ಹಿಂದೊಂದು ಎರಡು ಗಾಜಿನ ಬಾಗಿಲು. ಒಂದು ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ. ಕಿಟಕಿ ಇತ್ತು, ಅದಕ್ಕೆ ಚಿಲಕವಿರಲಿಲ್ಲ. ಮಂಚದಿಂದ ಬಚ್ಚಲಿಗೆ ಏಳು ಹೆಜ್ಜೆ, ಬಚ್ಚಲಿಂದ ಬಾಗಿಲಿಗೆ ಒಂಬತ್ತು. ಹೊರಗೆ ಎದುರು ಕಟ್ಟಡದ ನೀರಿನ ಟ್ಯಾಂಕು, ಅದರ ಮೇಲೆ ಒಂದು ಕಾಗೆ. ಕಾಗೆ ಹಾರಿಹೋದರೆ ನನಗೆ ಕೋಪ ಬರುತ್ತಿತ್ತು, ಅದಕ್ಕಾದರೆ ಹೋಗಲು ಜಾಗವಿದೆಯಲ್ಲ ಎಂದು. ಗಾಳಿ ಶುದ್ಧ ಮಾಡುವ ಯಂತ್ರ ಹಗಲೂ ರಾತ್ರಿ ಒಂದೇ ಸಮ ಗುಂಯ್‌ಗುಟ್ಟುತ್ತಿತ್ತು. ನನ್ನ ಮೈಯಲ್ಲಿ ಬಿಳಿ ರಕ್ತಕಣವೇ ಇಲ್ಲವಾದ್ದರಿಂದ ಗ್ಲೌಸಿಲ್ಲದೆ ನನ್ನನ್ನು ಯಾರೂ ಮುಟ್ಟುವಂತಿರಲಿಲ್ಲ. ಗೌನು ತೊಟ್ಟು ದಿನಕ್ಕೊಮ್ಮೆ ಒಳಗೆ ಬರಲು ಅನುಮತಿ ಇದ್ದದ್ದು ನನ್ನ ಅಮ್ಮನಿಗೆ ಮಾತ್ರ.

ಪ್ರಶ್ನೆ ಮೇಡಂ ಕೇಳುವ ಪ್ರಶ್ನೆಗಳೂ ದಿನಾ ಅವೇ. ಬಾಯಿ ನೋವು ಹತ್ತರಲ್ಲಿ ಎಷ್ಟು? ಹೊಟ್ಟೆ ನೋವು ಹತ್ತರಲ್ಲಿ ಎಷ್ಟು? ಭೇದಿ ಎಷ್ಟು ಸಲ? ಆಸ್ಪತ್ರೆಯದಲ್ಲದ ಆಹಾರ, ನೀರು ಏನಾದರೂ? ಕೊನೆಯಲ್ಲಿ ಎರಡು ಸಾಲು ಖಾಲಿ ಜಾಗ, ಅದಕ್ಕೊಂದು ಪ್ರಶ್ನೆ: “ಇನ್ನೇನಾದ್ರೂ ಹೇಳೋದಿದೆಯಾ?” ನನ್ನದು ಯಾವಾಗಲೂ “ಇಲ್ಲ.” ಬೇಗ ಮನೆಗೆ ಬಿಡಲಿ ಎಂಬ ಆಸೆಗೆ ನಾನು ಎಲ್ಲದರಲ್ಲೂ ಕಡಿಮೆ ಹೇಳುತ್ತಿದ್ದೆ.

“ಬಾಯಿ ನೋವು ಹತ್ತರಲ್ಲಿ ಎಷ್ಟು, ಯಜಮಾನ್ರೇ?”

“ಎರಡು.”

“ಎರಡಿರೋರು ಉಗುಳು ನುಂಗ್ತಾರೆ. ನೀವು ಬಟ್ಟಲು ಹಿಡ್ಕೊಂಡು ಕೂತಿದೀರ.” ಎಂಟು ಎಂದು ಬರೆದುಕೊಂಡರು. “ಇದು ನಿಮ್ಮಂಗಡಿ ಅಲ್ಲ, ಚೌಕಾಸಿ ಮಾಡ್ಬೇಡಿ.”

ಇಷ್ಟಕ್ಕೆಲ್ಲ ಮೊದಲೇ, ನಾನು ದಾಖಲಾದ ದಿನ, ಅವರು ನನಗೊಂದು ದೊಡ್ಡ ಉಪಕಾರ ಮಾಡಿದ್ದರು. ನಮ್ಮದು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವ ಮನೆತನ. ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಮೈಮೇಲಿರಬೇಕು. ಡಾಕ್ಟರು ಮೈಮೇಲೆ ಏನೂ ಇರಕೂಡದು, ತೆಗೆಯಿರಿ ಎಂದರು. ತೆಗೆಯುವುದಿಲ್ಲ ಎಂದು ನಾನು ಪೇಟೆಯ ಗಂಟಲಲ್ಲಿ ಕೂಗಾಡಿದೆ. ಮೂಲೆಯಲ್ಲಿ ಫಾರಂ ತುಂಬುತ್ತಿದ್ದ ಈ ಹೆಂಗಸು ತಲೆ ಎತ್ತಿ, “ಸರ್, ಅದು ಒಡವೆ ಅಲ್ಲ,” ಎಂದರು. “ದಾರ ಬದಲಾಯ್ಸೋಣ, ಅದನ್ನಿಟ್ಟಿರೋ ಬೆಳ್ಳಿ ಕರಡಿಗೆ ಮನೆಗೆ ಕಳ್ಸೋಣ. ಲಿಂಗ ಒರೆಸಿ, ನಮ್ಮ ಬಟ್ಟೇಲೇ ಕಟ್ಟೋಣ. ನಾನು ನೋಡ್ಕೋತೀನಿ.” ಆಮೇಲೆ ನನ್ನ ಕಡೆ ತಿರುಗಿ ಕರಾರು ಹೇಳಿದರು. ಹೂವಿಲ್ಲ, ಬಿಲ್ವಪತ್ರೆಯಿಲ್ಲ, ವಿಭೂತಿಯಿಲ್ಲ. ಪೂಜೆಗೆ ಆಸ್ಪತ್ರೆಯ ಅಡಿಗೆಮನೆಯವರು ಕಾಯಿಸಿ, ಟೇಪು ಅಂಟಿಸಿ ಕಳಿಸುವ ಫ್ಲಾಸ್ಕಿನ ನೀರು ಮಾತ್ರ. ಒಂದು ಸಣ್ಣ ಗಿಂಡಿಗೆ ಅನುಮತಿ, ಅದನ್ನೂ ದಿನಾ ಕುದಿಸಿ ಕೊಡುತ್ತಾರೆ. ನಾನು ಒಪ್ಪಿದೆ.

ಅಮ್ಮನಿಗೆ ಅವರ ಮೇಲೆ ಗೌರವ ಬಂತು, ಜೊತೆಗೆ ಕುತೂಹಲವೂ ಬಂತು. ಮಾರನೆಯ ದಿನ ಮೆಲ್ಲಗೆ ಕೇಳಿದಳು, “ನಿಮ್ಮದು ಯಾವ ಕಡೆ ಆಯ್ತಮ್ಮಾ?”

“ಗವಿಪುರಂ. ಗುಡಿ ಹಿಂದಿನ ಬೀದಿ,” ಎಂದರು ಅವರು. ಅಮ್ಮ ಇನ್ನೂ ಕಾಯುತ್ತಿದ್ದಳು. ಅವರಿಗೆ ಅರ್ಥವಾಯಿತು. “ನೀವು ಕೇಳಿದ್ದು ಅದಲ್ಲ ಅಂತ ಗೊತ್ತು ಬಿಡಿ. ನಮ್ಮಪ್ಪ ಬೌದ್ಧ ದೀಕ್ಷೆ ತಗೊಂಡೋರು. ಅದಕ್ಕೂ ಹಿಂದಿನದು ಬೇಕಾದ್ರೆ ಅದನ್ನೂ ಹೇಳ್ತೀನಿ.” ಅಮ್ಮ ಬೇಡವೆಂದು ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು. ನನಗೆ ನಾಚಿಕೆಯಾಯಿತು.

ಕಾಯಿಸಿದ ನೀರು ಅಮ್ಮನಿಗೆ ಒಗ್ಗಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ತಾತನ ಕಾಲದ ಬಾವಿಯಿದೆ. ಲಿಂಗಪೂಜೆಗೆಂದು ಬೆಳಿಗ್ಗೆ ಮೊದಲು ಸೇದಿದ ನೀರನ್ನು ನಾವು ಅಗ್ಘವಣಿ ಎನ್ನುತ್ತೇವೆ. “ಕಾಯ್ಸಿದ ನೀರು ಸತ್ತ ನೀರು ಕಣೋ. ಸತ್ತ ನೀರನ್ನ ಲಿಂಗಕ್ಕೆ ಹಾಕ್ತಾರಾ? ಈ ಹೊತ್ತಲ್ಲಿ ಶಿವನಿಗೇ ವಂಚನೆ ಮಾಡೋದಾ?” ಎಂದು ಅಮ್ಮ ಗೌನಿನೊಳಗೆ ಬಚ್ಚಿಟ್ಟು ತಂದ ಔಷಧಿ ಬಾಟಲಿಯಿಂದ ಬಾವಿಯ ನೀರನ್ನು ಗಿಂಡಿಗೆ ಬಗ್ಗಿಸಿದಳು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದೆ. ಪದ್ಧತಿಯಂತೆ ಆ ನೀರನ್ನೇ ಮೂರು ಗುಟುಕು ಕುಡಿದೆ. ಅದರಲ್ಲಿ ಪಾಚಿಯ, ಹಗ್ಗದ, ನಮ್ಮ ಹಿತ್ತಲ ಕಲ್ಲಿನ ವಾಸನೆ ಇತ್ತು. ಭಕ್ತಿಗಾಗಿ ಕುಡಿದೆ ಎಂದರೆ ಸುಳ್ಳಾಗುತ್ತದೆ. ಆ ಮೂರು ಗುಟುಕಿನಷ್ಟು ಹೊತ್ತು ನಾನು ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಮರುದಿನ ಅಮ್ಮ ಬರುವುದನ್ನೇ ಕಾದೆ. ಆರು ದಿನ ಹಾಗೆ ನಡೆಯಿತು.

ತಂಗಿಯ ಕೋಶಗಳು ನನ್ನ ಮೈ ಸೇರಿದ ಹನ್ನೊಂದನೆಯ ದಿನ ಜ್ವರ ಬಂತು. ಹೊಟ್ಟೆ ಕಿತ್ತುಕೊಂಡು ಹೋಯಿತು. ಡಾಕ್ಟರುಗಳು ಗಾಜಿನ ಆಚೆ ನಿಂತು ಮಾತಾಡಿಕೊಂಡರು. ಒಂಬತ್ತಕ್ಕೆ ಪ್ರಶ್ನೆ ಮೇಡಂ ಬಂದರು.

“ಆಸ್ಪತ್ರೆದಲ್ಲದ ನೀರು?”

“ಇಲ್ಲ.”

ಅವರು ಬರೆಯಲಿಲ್ಲ. ಗಲ್ಲ ಎದೆಗೊತ್ತಿ ನನ್ನನ್ನಲ್ಲ, ಪಕ್ಕದ ಮೇಜನ್ನು ನೋಡಿದರು. “ಫ್ಲಾಸ್ಕಿನ ಟೇಪು ಕಿತ್ತಿಲ್ಲ. ಗಿಂಡಿ ಒದ್ದೆ ಇದೆ.”

“ತೊಳೆದಿದ್ದೆ,” ಎಂದೆ.

“ಖಾಲಿ ಬಿಟ್ಟಿರ್ತೀನಿ. ಮತ್ತೆ ಬರ್ತೀನಿ,” ಎಂದು ಹೊರಟುಹೋದರು.

ಹನ್ನೆರಡಕ್ಕೆ ಬಂದರು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮೂರಕ್ಕೆ ಮತ್ತೆ ಬಂದರು. ಪ್ರತಿ ಸಲವೂ ಗೌನು, ಗ್ಲೌಸು ಎಲ್ಲ ಹೊಸದಾಗಿ ತೊಡಬೇಕು, ಅದಕ್ಕೇ ಹತ್ತು ನಿಮಿಷ. ಈ ಸಲ ಕುರ್ಚಿ ಎಳೆದುಕೊಂಡು ಕೂತರು.

“ನೋಡಿ ಯಜಮಾನ್ರೇ, ನಿಮ್ಮ ಹೊಟ್ಟೆ ಕೆಟ್ಟಿರೋದಕ್ಕೆ ಎರಡು ಕಾರಣ ಇರ್ಬೋದು. ತಂಗಿ ಕೋಶಗಳು ನಿಮ್ಮ ಮೈ ಜೊತೆ ಜಗಳಕ್ಕೆ ಬಿದ್ದಿರ್ಬೋದು. ಇಲ್ಲಾ, ಹೊರಗಿಂದ ಯಾವುದೋ ಕ್ರಿಮಿ ಬಂದಿರ್ಬೋದು. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ವಿಷ. ಸಂಜೆಯೊಳಗೆ ಯಾವುದಾದ್ರೂ ಒಂದು ಶುರು ಮಾಡ್ತಾರೆ.” ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು, “ನಿಮ್ಮ ಉತ್ತರ ನಿಮಗೊಬ್ಬರಿಗೇ ಅಲ್ಲ. ನಾಳೆ ಇದೇ ಮಂಚದ ಮೇಲೆ ಇನ್ಯಾರೋ ಮಲಗ್ತಾರೆ. ನಿಮ್ಮ ಕಾಗದ ನೋಡ್ಕೊಂಡೇ ಅವ್ರಿಗೆ ಔಷಧಿ ಕೊಡೋದು.”

ಹೇಳಿದೆ. ಬಾವಿ, ಬಾಟಲಿ, ಆರು ದಿನ, ಎಲ್ಲ ಹೇಳಿದೆ. ಅವರು ಒಂದೊಂದನ್ನೂ ಬರೆದುಕೊಂಡು, ಓದಿ ಹೇಳಿ, ಸರಿಯಾ ಎಂದು ಕೇಳಿದರು. ನನ್ನ ಕೈ ಎದೆಯ ಮೇಲಿತ್ತು. “ಲಿಂಗ ತೆಗೆಸ್ತೀರಾ ಮೇಡಂ?” ಎಂದು ಕೇಳುವಾಗ ಅಳು ಬಂದುಬಿಟ್ಟಿತು.

“ತಪ್ಪು ನಮ್ಮ ನಿಮ್ಮದು. ಲಿಂಗ ಏನ್ಮಾಡ್ತು?” ಎಂದು ಎದ್ದು ಹೋದರು.

ಗಾಜಿನಾಚೆ ಅವರು ಅಮ್ಮನಿಗೆ ಏನೋ ಹೇಳುವುದು ಕಾಣಿಸಿತು. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಅವರು ಗ್ಲೌಸು ತೆಗೆದಿದ್ದರು. ಕೈಗೆ ಕೈ ತಾಗುವುದನ್ನು ಕಂಡು ಎಷ್ಟು ದಿನವಾಗಿತ್ತೋ. ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಪರೀಕ್ಷೆಯಲ್ಲಿ ಕ್ರಿಮಿಯೇ ಸಿಕ್ಕಿತು. ಅದಕ್ಕೆ ತಕ್ಕ ಔಷಧಿ ಬಿತ್ತು. ವಾರದ ಮೇಲೆ ಜ್ವರ ಇಳಿಯಿತು, ತಂಗಿಯ ಕೋಶಗಳು ಒಂದೊಂದೇ ಬಿಳಿ ಕಣ ಹುಟ್ಟಿಸತೊಡಗಿದವು. ಆದರೆ ಒಂಬತ್ತಕ್ಕೆ ಬೇರೆ ಯಾರೋ ಬರುತ್ತಿದ್ದರು. ಮೇಡಂ ಎಲ್ಲಿ ಎಂದು ಕೇಳಿದರೆ ನರ್ಸಮ್ಮ ಮಾತು ತೇಲಿಸಿದರು. ಕೊನೆಗೊಂದು ದಿನ ಬಾಯಿಬಿಟ್ಟರು. ಅದೇ ಫಾರಮ್ಮಿನ ಖಾಲಿ ಎರಡು ಸಾಲಿನಲ್ಲಿ ಮೇಡಂ ತಮ್ಮ ತಪ್ಪನ್ನೂ ಬರೆದುಕೊಂಡಿದ್ದರಂತೆ. ಲಿಂಗಕ್ಕೆ ಅನುಮತಿ ಕೇಳಿದವಳು ನಾನೇ, ಆರು ದಿನ ಫ್ಲಾಸ್ಕಿನ ಟೇಪು ನೋಡದೆ ಬಿಟ್ಟವಳೂ ನಾನೇ ಎಂದು. ಮೇಲಿನವರು ಅವರನ್ನು ವಾರ್ಡಿನಿಂದ ಇಳಿಸಿ ಹಳೆಯ ಫೈಲುಗಳ ಕೋಣೆಗೆ ಹಾಕಿದ್ದರು.

ಬಿಡುಗಡೆಯ ದಿನ ಹಟ ಮಾಡಿ ಗಾಲಿಕುರ್ಚಿಯಲ್ಲಿ ನೆಲಮಾಳಿಗೆಗೆ ಹೋದೆ. ಫೈಲುಗಳ ನಡುವೆ ಒಬ್ಬ ಮಧ್ಯವಯಸ್ಸಿನ ಹೆಂಗಸು, ಕೆಂಪು ಕಲ್ಲಿನ ಮೂಗುಬೊಟ್ಟು, ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ಗುರುತೇ ಸಿಗಲಿಲ್ಲ. ಅವರು ಗಲ್ಲ ಇಳಿಸಿ ಕನ್ನಡಕದ ಮೇಲಿಂದ ನೋಡಿದ ಮೇಲೆಯೇ ಗೊತ್ತಾದದ್ದು.

“ಇಲ್ಲಿ ಕಿಟಕೀನೇ ಇಲ್ಲ ನೋಡಿ ಯಜಮಾನ್ರೇ. ನಿಮ್ಮ ರೂಮೇ ವಾಸಿ. ಕಾಗೆ ಆದ್ರೂ ಇತ್ತು,” ಎಂದು ನಕ್ಕರು. ಕ್ಷಮೆ ಕೇಳಲೆಂದು ನಾನು ಎರಡೂ ಕೈ ಮುಗಿದೆ. ಅವರು ಕೇಳಿದರು, “ನೋವು ಹತ್ತರಲ್ಲಿ ಎಷ್ಟು?”

“ಹತ್ತು ಮೇಡಂ.”

“ಈಗ ಸರಿಯಾಗಿ ಹೇಳಿದ್ರಿ.”

ಕೆಲವು ತಿಂಗಳಾದ ಮೇಲೆ ಅವರು ವಾರ್ಡಿಗೆ ಮರಳಿದರಂತೆ. ವರ್ಷಕ್ಕೊಮ್ಮೆ ಫೋನು ಮಾಡಿ ಫಾರಂ ತುಂಬಿಸಿಕೊಳ್ಳುತ್ತಿದ್ದರು. ರೋಗಿಗಳಿಗೆ ಕೊಡುವ ಕನ್ನಡದ ಸೂಚನಾ ಹಾಳೆಯಲ್ಲಿ ಈಗ ಒಂದು ಸಾಲು ಸೇರಿದೆ: ‘ಪೂಜೆಗೆ, ತೀರ್ಥಕ್ಕೆ, ನಮಾಜಿನ ವುಜೂಗೆ, ಯಾವುದಕ್ಕೇ ಆಗಲಿ ಕಾಯಿಸಿ ಆರಿಸಿದ ನೀರನ್ನೇ ಬಳಸಿ. ನಾಚಿಕೆ ಬೇಡ, ನಮ್ಮನ್ನು ಕೇಳಿ.’ ಆ ಕೊನೆಯ ಮಾತು ಯಾರದೆಂದು ನನಗೆ ಗೊತ್ತು. ಸತ್ತ ನೀರು ಎಂದಿದ್ದ ಅಮ್ಮ ಈಗ ಅಗ್ಘವಣಿಯನ್ನು ಒಲೆಯ ಮೇಲಿಟ್ಟು, ಕುದಿ ಬರುವವರೆಗೆ ಅಲ್ಲೇ ನಿಂತಿರುತ್ತಾಳೆ.

ಈ ಸಲ ಫೋನಿನಲ್ಲಿ ಬೇರೆ ದನಿ ಇತ್ತು. ಮೇಡಂ ಎಲ್ಲಿ ಎಂದೆ. ಎರಡು ತಿಂಗಳ ಹಿಂದೆ, ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ ಎಂದಳು ಆ ಹುಡುಗಿ. ನಾನು ಅಂಗಡಿಯಲ್ಲಿದ್ದೆ. ಎದುರಿಗೆ ಗಿರಾಕಿಗಳಿದ್ದರು. ಎದ್ದು ಒಳಗೆ ಹೋಗಿ, ಪಾತ್ರೆಗಳ ನಡುವೆ ನಿಂತು, ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಹೇಳಲು ಸಂಕೋಚವಾಗುವಂಥದ್ದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಇನ್ನೇನಾದ್ರೂ ಹೇಳೋದಿದೆಯಾ ಸರ್?”

“ಇದೆಯಮ್ಮಾ. ಬರ್ಕೋ.”

“ಎರಡೇ ಸಾಲು ಜಾಗ ಇರೋದು ಸರ್.”

“ಸಾಕು. ಗಿಂಡಿ ಒದ್ದೆ ಇತ್ತು, ಅವ್ರು ನೋಡಿದ್ರು. ಅದಕ್ಕೇ ನಾನಿನ್ನೂ ಇದೀನಿ.”